ಹನ್ನೆರಡು ಗಂಟೆಯ ರೈಲು ಮತ್ತು ನಾಲ್ಕು ಶವಪೆಟ್ಟಿಗೆ

ಸ್ನೇಹಿತರೇ, ಈಗಷ್ಟೇ ‘ಹೈ ನೂನ್’ ನೋಡಿ ಮುಗಿಸಿದ್ದೀರಿ. ಕೌಬಾಯ್ ಸಿನಿಮಾ ಎಂದರೆ ಕುದುರೆ, ಧೂಳು, ಗುಂಡಿನ ಸುರಿಮಳೆ ಎಂದುಕೊಂಡು ಬಂದವರಿಗೆ ತುಸು ನಿರಾಸೆಯೂ ಆಗಿರಬಹುದು. ಸುಮಾರು 85 ನಿಮಿಷದ ಚಿತ್ರದಲ್ಲಿ ಕಾಳಗ ಬರುವುದು ಕೊನೆಗೆ. ಅಲ್ಲಿಯವರೆಗೆ ಊರಿನ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್ ಮಾಡುವುದು ಒಂದೇ ಕೆಲಸ: ನೆರವು ಕೇಳಿಕೊಂಡು ಹ್ಯಾಡ್ಲಿವಿಲ್ ಊರಿನ ಮನೆ ಮನೆಗೆ ಅಲೆಯುವುದು.

ಒಬ್ಬೊಬ್ಬರೂ ಎಷ್ಟು ನಯವಾಗಿ ನುಣುಚಿಕೊಳ್ಳುತ್ತಾರೆ ಗಮನಿಸಿದಿರಾ? ಸೇಡು ತೀರಿಸಿಕೊಳ್ಳಲು ಹನ್ನೆರಡರ ರೈಲಿಗೆ ಬರುತ್ತಿರುವ ಖಳ ಫ್ರಾಂಕ್ ಮಿಲ್ಲರ್‌ಗೆ ಶಿಕ್ಷೆ ಕೊಟ್ಟ ನ್ಯಾಯಾಧೀಶನೇ ಗೋಡೆಯ ಮೇಲಿನ ಧ್ವಜ ಬಿಚ್ಚಿ, ತಕ್ಕಡಿ ಎತ್ತಿಕೊಂಡು ಗಂಟುಮೂಟೆ ಕಟ್ಟುತ್ತಾನೆ. ಗೆಳೆಯನೊಬ್ಬ ಮನೆಯೊಳಗೇ ಅಡಗಿ, ತಾನು ಇಲ್ಲವೆಂದು ಹೆಂಡತಿಯಿಂದ ಹೇಳಿಸುತ್ತಾನೆ. ನನ್ನನ್ನು ಹೆಚ್ಚು ಕಾಡುವವನು ಚರ್ಚಿನಲ್ಲಿ ಮಾತಾಡುವ ಹೆಂಡರ್ಸನ್. ಕೇನ್‌ನನ್ನು ಬಾಯ್ತುಂಬ ಹೊಗಳುತ್ತಾನೆ, ಇನ್ನೇನು ಬೆನ್ನಿಗೆ ನಿಂತನು ಎನ್ನುವಷ್ಟರಲ್ಲಿ ಬೀದಿಯಲ್ಲಿ ರಕ್ತ ಹರಿದರೆ ಹೊರಗಿನವರು ಇಲ್ಲಿ ಬಂಡವಾಳ ಹೂಡಲಾರರು, ನೀನು ಊರು ಬಿಡುವುದೇ ಲೇಸು ಎನ್ನುತ್ತಾನೆ. ಖಳನ ಗುಂಡಿಗಿಂತ ಈ ಹೊಗಳಿಕೆಯೇ ಹೆಚ್ಚು ನೋಯಿಸುತ್ತದೆ.

ಚಿತ್ರಕಥೆ ಬರೆದ ಕಾರ್ಲ್ ಫೋರ್ಮನ್‌ಗೆ ಇದು ಕಟ್ಟುಕಥೆಯಾಗಿರಲಿಲ್ಲ. ಚಿತ್ರ ತಯಾರಾಗುತ್ತಿದ್ದ 1951ರಲ್ಲೇ ಕಮ್ಯುನಿಸ್ಟರನ್ನು ಹುಡುಕುತ್ತಿದ್ದ ಅಮೆರಿಕದ ಸಂಸದೀಯ ಸಮಿತಿ ಅವರನ್ನು ಕರೆಸಿತು. ಅವರು ಯಾರ ಹೆಸರನ್ನೂ ಹೇಳಲಿಲ್ಲ. ಹಾಲಿವುಡ್‌ನ ಬಾಗಿಲು ಮುಚ್ಚಿತು, ಇಂಗ್ಲೆಂಡಿಗೆ ಹೋದರು. ನಟ ಜಾನ್ ವೇನ್ ಈ ಚಿತ್ರವನ್ನು ಅಮೆರಿಕದ ವಿರೋಧಿ ಎಂದು ಜರೆದರೆ, ನೆರವಿಗಾಗಿ ಊರೆಲ್ಲ ಅಲೆಯುವ ಮಾರ್ಷಲ್ ನಿರ್ದೇಶಕ ಹೋವರ್ಡ್ ಹಾಕ್ಸ್‌ಗೆ ಹಿಡಿಸಲಿಲ್ಲ. 1959ರ ‘ರಿಯೋ ಬ್ರಾವೋ’ ಅವರ ಉತ್ತರ. ಅದೂ ಸೊಗಸಾದ ಚಿತ್ರವೇ, ಆ ಜಗಳ ಇನ್ನೊಂದು ದಿನಕ್ಕಿರಲಿ.

ನಿರ್ದೇಶಕ ಫ್ರೆಡ್ ಜಿನ್ನೆಮನ್ ಭಯವನ್ನು ತೋರಿಸುವುದು ಗಡಿಯಾರದಿಂದ. ಹನ್ನೆರಡಕ್ಕೆ ಮಿಲ್ಲರ್ ಇಳಿಯಬೇಕು. ಲೋಲಕ, ಬಾಯಿ ಕಟ್ಟಿದ ಮುಖಗಳು, ಮಿಲ್ಲರ್ ಕುಳಿತು ಸೇಡಿನ ಮಾತಾಡಿದ್ದ ಆ ಖಾಲಿ ಕುರ್ಚಿ. ಕೊನೆಗೆ ರೈಲಿನ ಸಿಳ್ಳೆ. ಬಳಿಕ ಕ್ಯಾಮೆರಾ ಮೇಲೇರುತ್ತಾ ಹೋಗುತ್ತದೆ, ನಿರ್ಜನ ಬೀದಿಯಲ್ಲಿ ಕೇನ್ ಚಿಕ್ಕವನಾಗುತ್ತಾ ಹೋಗುತ್ತಾನೆ. ಕೇನ್ ಪಾತ್ರ ಮಾಡಿದ, ಐವತ್ತು ದಾಟುತ್ತಿದ್ದ ಗ್ಯಾರಿ ಕೂಪರ್ ಅವರ ಬಳಲಿದ ಮುಖಕ್ಕೆ ಅಭಿನಯವೇ ಬೇಕಿರಲಿಲ್ಲ ಎನಿಸುತ್ತದೆ. ಆಸ್ಕರ್ ಮಾತ್ರ ಅಭಿನಯಕ್ಕೇ ಬಂತು.

ಇನ್ನು ಆ ಕ್ಷೌರಿಕ. ಶವಪೆಟ್ಟಿಗೆಯ ವ್ಯಾಪಾರವೂ ಅವನದೇ. ಪೆಟ್ಟಿಗೆ ಎಷ್ಟಿವೆ ಎಂದು ಆಳನ್ನು ಕೇಳುತ್ತಾನೆ. ಎರಡು. ಹೇಗೆ ಲೆಕ್ಕ ಹಾಕಿದರೂ ಇನ್ನೆರಡಾದರೂ ಬೇಕು ಎಂದು ಕೆಲಸಕ್ಕೆ ಹಚ್ಚುತ್ತಾನೆ. ಆಮೇಲೆ ಕೇನ್ ಮುಖ ತೊಳೆದುಕೊಳ್ಳಲು ಅಲ್ಲಿಗೇ ಬಂದಾಗ ಹಿಂದಿನಿಂದ ಸುತ್ತಿಗೆಯ ಸದ್ದು. ಅದು ಏನೆಂದು ಅವನಿಗೆ ಅರ್ಥವಾಗುತ್ತದೆ. ಹೊರಡುವಾಗ, ನಿನ್ನ ಆಳಿಗೆ ಇನ್ನು ಕೆಲಸ ಮುಂದುವರಿಸಲು ಹೇಳು ಎನ್ನುತ್ತಾನೆ.

ಕ್ಷೌರಿಕನ ಲೆಕ್ಕ ತಪ್ಪಲಿಲ್ಲ. ಸತ್ತವರು ನಾಲ್ವರು, ನಾಲ್ವರೂ ಮಿಲ್ಲರ್‌ನ ಕಡೆಯವರು.