ಹಾವು ತಿರುಗದಿದ್ದರೆ ಕಣ್ಣು ಕೆಟ್ಟಿದೆಯಾ?

ಕೇಳುಗರಿಗೆ ನಮಸ್ಕಾರ. ಬಣ್ಣದ ಹಾವುಗಳು ಸುರುಳಿ ಸುತ್ತಿ ಮಲಗಿರುವ ಒಂದು ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಜಪಾನಿನ ಅಕಿಯೋಶಿ ಕಿಟಾವೋಕಾ ಎಂಬ ಮನಶ್ಶಾಸ್ತ್ರಜ್ಞ 2003ರಲ್ಲಿ ರಚಿಸಿದ್ದು. ಅದು ಸ್ಥಿರ ಚಿತ್ರ. ಆದರೂ ಹೆಚ್ಚಿನವರಿಗೆ ಸುರುಳಿಗಳು ನಿಧಾನಕ್ಕೆ ತಿರುಗಿದಂತೆ ಕಾಣುತ್ತವೆ. ಕೆಲವರಿಗೆ ಏನೂ ತಿರುಗುವುದಿಲ್ಲ. ಅಷ್ಟಕ್ಕೇ ಅವರ ಕಣ್ಣು ಕೆಟ್ಟಿದೆ ಎನ್ನಬೇಡಿ. ಇವತ್ತು ನಾನು ಹೇಳಲು ಬಂದದ್ದು ಇದೊಂದೇ.

ಮಲ್ಪೆಯ ಹುಡುಗನೊಬ್ಬ ಅಜ್ಜಿಯನ್ನು ನನ್ನಲ್ಲಿಗೆ ಕರೆದುಕೊಂಡು ಬಂದಿದ್ದ. "ಡಾಕ್ಟ್ರೇ, ಅಜ್ಜಿಗೆ ಹಾವು ತಿರುಗುವುದೇ ಕಾಣುವುದಿಲ್ಲ. ಮತ್ತೆ ಪೊರೆ ಬಂತಾ ನೋಡಿ" ಎಂದ. ಪೊರೆಯ ಆಪರೇಷನ್ ಮೊದಲೇ ಆಗಿತ್ತು. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದೆ. ಕೆಳಗಿನ ಸಾಲಿನ ಸಣ್ಣ ಅಕ್ಷರಗಳನ್ನೂ ತಡವರಿಸದೆ ಓದಿದರು. ಕಣ್ಣಿನ ಹಿಂಭಾಗವನ್ನೂ ಪರೀಕ್ಷಿಸಿದೆ, ಚೆನ್ನಾಗಿತ್ತು. ಅಜ್ಜಿಗೋ ಬೇಜಾರು. "ಎಂತ ಮಾರಾಯ್ರೆ, ಚಿತ್ರ ತಿರುಗುವುದುಂಟಾ? ಇವನು ನನ್ನನ್ನು ಕುರುಡಿ ಮಾಡಿದ" ಎಂದರು. ಹುಡುಗನ ಕೈಗೆ ಮೊಬೈಲ್ ಕೊಟ್ಟು, ಒಂದೇ ಚುಕ್ಕೆಯಲ್ಲಿ ಕಣ್ಣು ನೆಟ್ಟು ನೋಡು, ರೆಪ್ಪೆ ಬಡಿಯಬೇಡ ಎಂದೆ. ಸ್ವಲ್ಪ ಹೊತ್ತಿಗೆ "ನಿಂತಿತು!" ಎಂದ. ಕಣ್ಣು ಕದಲಿಸಿದ ಕೂಡಲೇ ಮತ್ತೆ ತಿರುಗಿತು. "ನೋಡು, ಓಡಾಡುವುದು ನಿನ್ನ ಕಣ್ಣೇ" ಎಂದರು ಅಜ್ಜಿ.

ಅಜ್ಜಿಯ ಮಾತು ಸರಿಯೇ. ಆ ಹಾವಿನ ಮೈಯಲ್ಲಿ ಕಪ್ಪು, ನೀಲಿ, ಬಿಳಿ, ಹಳದಿ ಇದೇ ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತವೆ. ನಮ್ಮ ಕಣ್ಣು ಕದಲಿದಾಗಲೆಲ್ಲ ಎದ್ದು ಕಾಣುವ ಬಣ್ಣದ ಸುದ್ದಿ ಮಿದುಳಿಗೆ ಬೇಗ ಮುಟ್ಟುತ್ತದೆ, ಉಳಿದದ್ದು ತುಸು ತಡವಾಗಿ. ಆ ಹಿಂದುಮುಂದನ್ನೇ ಮಿದುಳು ಚಲನೆ ಎಂದು ತಿಳಿಯುತ್ತದೆ. ಎಲ್ಲರ ಮಿದುಳೂ ಒಂದೇ ಥರ ತಿಳಿಯುವುದಿಲ್ಲ. ವಯಸ್ಸಾದವರಿಗೆ ಇದು ಕಡಿಮೆ ಕಾಣುತ್ತದೆ. ಎಳೆಯರಲ್ಲೂ ಕಾಣದವರಿದ್ದಾರೆ. ಅವರ ಕಣ್ಣೂ ಕೆಟ್ಟಿಲ್ಲ.

ನಿಂತದ್ದು ಚಲಿಸಿದಂತೆ ಕಾಣುವುದು ಈ ಚಿತ್ರದಲ್ಲಿ ಮಾತ್ರ ಅಲ್ಲ. ಹೆಬ್ರಿ ಕಡೆ ಕೂಡ್ಲು ತೀರ್ಥಕ್ಕೆ ಹೋದರೆ ಬೀಳುವ ನೀರನ್ನು ಒಂದು ನಿಮಿಷ ದಿಟ್ಟಿಸಿ, ಆಮೇಲೆ ಪಕ್ಕದ ಬಂಡೆ ನೋಡಿ. ಬಂಡೆ ಮೇಲಕ್ಕೆ ಜಾರಿದಂತೆ ಕಾಣುತ್ತದೆ. ಸ್ಕಾಟ್ಲೆಂಡಿನ ಜಲಪಾತವೊಂದರಲ್ಲಿ ಇದನ್ನು ಕಂಡು ರಾಬರ್ಟ್ ಆಡಮ್ಸ್ 1834ರಲ್ಲೇ ಬರೆದಿದ್ದಾನೆ. ಜಾಸ್ತಿ ಹೇಳಲು ಹೊತ್ತಿಲ್ಲ.

ಟೆನ್ಶನ್ ಇದ್ದವರಿಗೆ ಮಾತ್ರ ಚಿತ್ರ ತಿರುಗುತ್ತದೆ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ವಾ, ಅದು ಸುಳ್ಳು. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಆದರೆ ನೆಟ್ಟಗಿರುವ ದಾರಂದ ಸೊಟ್ಟ ಕಂಡರೆ, ಕಣ್ಣಲ್ಲಿ ಹಠಾತ್ತಾಗಿ ಮಿಂಚು ಹೊಡೆದಂತಾದರೆ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ನಮಸ್ಕಾರ.