ನಿಮ್ಮ ಹೆಸರಿನ ನಂಬರು, ಇನ್ನಾರದೋ ಕೈ

ಶ್ರೋತೃಗಳಿಗೆ ನಮಸ್ಕಾರ.

ಗುರುತು ಕಳವಿಗೆ, ಅಂದರೆ ತಮ್ಮ ಪಾಸ್‌ವರ್ಡ್ ಮುಂತಾದ ಗುರುತುಗಳನ್ನು ಇನ್ನೊಬ್ಬರು ವಂಚನೆಗೆ ಬಳಸುವುದಕ್ಕೆ, ತುತ್ತಾದವರು ಏನು ಮಾಡಬೇಕು, 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ ಎಷ್ಟು ಬೇಗ ಕರೆ ಮಾಡಬೇಕು ಎಂಬುದನ್ನು ನೀವು ಹಲವು ಬಾರಿ ಕೇಳಿದ್ದೀರಿ. ಅದೇ ಕಳವಿನ ಆರೋಪ ತನ್ನ ತಲೆಯ ಮೇಲೆ ಬಂದರೆ ಒಬ್ಬ ಮನುಷ್ಯ ಏನು ಮಾಡಬೇಕೆಂದು ಹೇಳಿಕೊಟ್ಟವರು ಕಡಿಮೆ. ಇಂದಿನ ನನ್ನ ಮಾತು ಆ ಆರೋಪಿಯನ್ನು ಕುರಿತದ್ದು. ಅದರಲ್ಲಿಯೂ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ, ಕನ್ನಡದಲ್ಲಿ ಓದಿ ಕನ್ನಡದಲ್ಲಿಯೇ ಯೋಚಿಸುವ, ಆದರೆ ಠಾಣೆಗೆ ಹೋದಾಗ ಮಲಯಾಳದ ಕಾಗದದ ಮುಂದೆ ಕುಳಿತುಕೊಳ್ಳಬೇಕಾಗುವ ಆರೋಪಿಯನ್ನು ಕುರಿತದ್ದು.

ಒಂದು ಸಂದರ್ಭವನ್ನು ಭಾವಿಸಿಕೊಳ್ಳಿ. ಗಲ್ಫಿನಲ್ಲಿ ದುಡಿಯುವ ಯುವಕನೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದಾನೆ. ಕೆಲವು ವರ್ಷಗಳ ಹಿಂದೆ ಅವನು ಯಾವುದೋ ಕೆಲಸಕ್ಕೆ ಕೊಟ್ಟಿದ್ದ ಆಧಾರ್ ಪ್ರತಿಯನ್ನು ಹಿಡಿದು ಯಾರೋ ಸಿಮ್ ಪಡೆದಿದ್ದಾರೆ. ಆ ನಂಬರಿನ ಮೂಲಕ ನಿವೃತ್ತ ಅಧ್ಯಾಪಕಿಯೊಬ್ಬರ ಬ್ಯಾಂಕ್ ಖಾತೆಯ ಪಾಸ್‌ವರ್ಡ್ ಬಳಕೆಯಾಗಿದೆ, ಹಣ ಹೋಗಿದೆ. ಪೊಲೀಸರ ಕೈಗೆ ಮೊದಲು ಸಿಗುವ ಹೆಸರು ಈ ಯುವಕನದು. ಅದು ಪೊಲೀಸರ ತಪ್ಪಲ್ಲ, ತನಿಖೆ ಎಲ್ಲಿಂದಾದರೂ ಆರಂಭವಾಗಲೇಬೇಕು. ಆದರೆ ಆರಂಭದಲ್ಲಿ ಸಿಕ್ಕಿದ ಹೆಸರೇ ಕೊನೆಯ ಹೆಸರೂ ಆಗಿಬಿಡದಂತೆ ನೋಡಿಕೊಳ್ಳುವುದು ಪ್ರತಿವಾದದ ಕೆಲಸ.

ಎಲ್ಲಕ್ಕಿಂತ ಮೊದಲು, ಆರೋಪ ನಿಜವಾಗಿಯೂ ಪೊಲೀಸರಿಂದಲೇ ಬಂದಿದೆಯೇ ಎಂದು ನೋಡಬೇಕು. ವಿಡಿಯೋ ಕರೆಯಲ್ಲಿ ಸಮವಸ್ತ್ರ ಧರಿಸಿ ಕಾಣಿಸಿಕೊಂಡು, ನಿಮ್ಮ ಹೆಸರಿನಲ್ಲಿ ಪ್ರಕರಣವಿದೆ, ಕೋಣೆಯಿಂದ ಹೊರಗೆ ಹೋಗಬೇಡಿ, ಹಣ ಕಳುಹಿಸಿ ಎನ್ನುವವರು ವಂಚಕರು. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ನಿಜವಾದ ಪ್ರಕರಣದಲ್ಲಿ, ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಿಗೆ, ಅಪರಾಧ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಂತೆ ಹಾಜರಾಗಲು ಬರಹದಲ್ಲಿ ನೋಟಿಸು ಕೊಡುವುದು ಸಾಮಾನ್ಯ ಕ್ರಮ. ಆ ನೋಟಿಸನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಸಾಲದೆಂದು ಸರ್ವೋಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ನೋಟಿಸಿನಂತೆ ಹಾಜರಾಗಿ ತನಿಖೆಗೆ ಸಹಕರಿಸುತ್ತಿರುವವನನ್ನು ಬಂಧಿಸಬೇಕಾದರೆ ಪೊಲೀಸರು ಕಾರಣವನ್ನು ಬರೆದಿಡಬೇಕಾಗುತ್ತದೆ. ಆದುದರಿಂದ ಹೆದರಿ ತಲೆಮರೆಸಿಕೊಳ್ಳುವುದು ತನ್ನ ರಕ್ಷಣೆಯನ್ನು ತಾನೇ ಕಳೆದುಕೊಂಡಂತೆ.

ಇನ್ನು ಅಪರಾಧದ ಸ್ವರೂಪ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ, ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನೋ ಪಾಸ್‌ವರ್ಡನ್ನೋ ಅಥವಾ ಅವರನ್ನು ಗುರುತಿಸುವ ಬೇರಾವುದೇ ವಿಶಿಷ್ಟ ಲಕ್ಷಣವನ್ನೋ ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಈ ವಾಕ್ಯದಲ್ಲಿ ಎರಡು ಬೀಗಗಳಿವೆ. ಎರಡನ್ನೂ ತೆರೆಯುವ ಹೊಣೆ ಸರಕಾರದ ಪರ ವಕೀಲರದು. ಬಳಸಿದವನು ಇವನೇ ಎಂದು ತೋರಿಸಬೇಕು; ಬಳಸಿದ್ದು ಕೆಟ್ಟ ಉದ್ದೇಶದಿಂದ ಎಂದೂ ತೋರಿಸಬೇಕು. ಒಂದು ತೆರೆಯದಿದ್ದರೂ ಅಪರಾಧ ಸಾಬೀತಾಗುವುದಿಲ್ಲ.

ಉದ್ದೇಶದ ಪ್ರಶ್ನೆ ನಮ್ಮ ಮನೆಗಳಲ್ಲಿ ಸಲೀಸಾಗಿ ಗೋಜಲಾಗುತ್ತದೆ. ತಂದೆಯ ಪಾಸ್‌ವರ್ಡಿನಲ್ಲಿ ಮಗ ವಿದ್ಯುತ್ ಬಿಲ್ಲು ಕಟ್ಟುತ್ತಾನೆ. ಚಿಕ್ಕಮ್ಮನ ಪಿಂಚಣಿಯ ಕೆಲಸವನ್ನು ಅಣ್ಣನ ಮಗ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅವರ ಫೋನಿಗೆ ಬಂದ ಒಟಿಪಿ ಹೇಳಿ ಮುಗಿಸುತ್ತಾನೆ. ಆಸ್ತಿಯ ವಿಷಯದಲ್ಲಿ ಮನಸ್ತಾಪ ಬಂದ ದಿನ ಇದೇ ದೂರಾಗಿ ಠಾಣೆಗೆ ಹೋಗಬಹುದು. ಒಪ್ಪಿಗೆಯಿಂದ, ಖಾತೆಯವರ ಅನುಕೂಲಕ್ಕಾಗಿ ಮಾಡಿದ ಕೆಲಸದಲ್ಲಿ ಅಕ್ರಮ ಲಾಭವಾಗಲಿ ಅಕ್ರಮ ನಷ್ಟವಾಗಲಿ ಇಲ್ಲ, ಆದ್ದರಿಂದ ಅಪ್ರಾಮಾಣಿಕತೆಯೂ ಇಲ್ಲ. ಆದರೆ ಆ ಒಪ್ಪಿಗೆಯನ್ನು ತೋರಿಸುವ ಹಳೆಯ ಸಂದೇಶಗಳು, ಕಟ್ಟಿದ ಬಿಲ್ಲಿನ ರಶೀದಿಗಳು, ವರ್ಷಗಟ್ಟಲೆ ಅದೇ ರೀತಿ ನಡೆದುಬಂದ ವ್ಯವಹಾರದ ಬ್ಯಾಂಕ್ ವಿವರಗಳು ಕೈಯಲ್ಲಿರಬೇಕು. ಭಯದಿಂದ ಫೋನಿನಲ್ಲಿರುವುದನ್ನು ಅಳಿಸಿಹಾಕುವವರನ್ನು ಕಂಡರೆ ನನಗೆ ಮರುಕವಾಗುತ್ತದೆ, ಏಕೆಂದರೆ ಅಳಿಸಿದ್ದರಲ್ಲಿ ಅವರನ್ನು ಉಳಿಸುವ ಸಾಕ್ಷ್ಯವೂ ಹೋಗಿರುತ್ತದೆ, ಸಾಕ್ಷ್ಯನಾಶದ ಹೊಸ ಆರೋಪವೂ ಸೇರಿಕೊಳ್ಳಬಹುದು.

ಆ ಯುವಕನ ಪ್ರಕರಣದಲ್ಲಿ ಮುಖ್ಯವಾದದ್ದು ಮೊದಲನೆಯ ಬೀಗ. ನಂಬರು ಯಾರ ಹೆಸರಿನಲ್ಲಿದೆ ಎಂಬುದು ಒಂದು ಸಂಗತಿ, ಫೋನನ್ನು ಹಿಡಿದ ಕೈ ಯಾರದು ಎಂಬುದು ಬೇರೆ ಸಂಗತಿ. ಅಂತರ್ಜಾಲದಲ್ಲಿ ಒಂದು ಸಂಪರ್ಕವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸವನ್ನೇ ತೆಗೆದುಕೊಳ್ಳಿ. ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು ಅದೇ ಕ್ಷಣದಲ್ಲಿ ನೂರಾರು ಗ್ರಾಹಕರು ಹಂಚಿಕೊಂಡಿರಬಹುದು; ಹಾಗೆ ಹಂಚಿಕೊಂಡವರ ಸಂಪರ್ಕಗಳನ್ನು ಬೇರೆಬೇರೆಯಾಗಿ ಗುರುತಿಸುವ ಪೋರ್ಟ್ ಸಂಖ್ಯೆಯೂ ಸೆಕೆಂಡಿನವರೆಗಿನ ಸಮಯವೂ ಇಲ್ಲದೆ ಅದರಿಂದ ಒಬ್ಬ ವ್ಯಕ್ತಿಯನ್ನು ಬೇರ್ಪಡಿಸುವುದು ಕಷ್ಟ. ವಿದೇಶೀ ಸಂಸ್ಥೆಗಳ ದಾಖಲೆಗಳಲ್ಲಿ ಸಮಯ ಸಾಮಾನ್ಯವಾಗಿ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನಿದ್ದೆಯಲ್ಲಿದ್ದವನು ಅಪರಾಧ ಮಾಡುತ್ತಿದ್ದನೆಂದು ದಾಖಲೆ ಹೇಳೀತು. ಸಿಮ್ ಪಡೆದಾಗ ತೆಗೆದ ಫೋಟೋ, ಅರ್ಜಿಯ ಮೇಲಿನ ಸಹಿ, ಮಾರಿದ ಅಂಗಡಿಯ ವಿವರ, ಆ ಫೋನು ಯಾವ ಟವರಿನ ವ್ಯಾಪ್ತಿಯಲ್ಲಿತ್ತು, ಹಣ ತೆಗೆದ ಎಟಿಎಂನ ಕ್ಯಾಮೆರಾದಲ್ಲಿ ಯಾರ ಮುಖವಿದೆ, ಇವನ್ನೆಲ್ಲ ತರಿಸಿಕೊಳ್ಳಲು ನ್ಯಾಯಾಲಯವನ್ನು ಕೇಳಿಕೊಳ್ಳಬಹುದು. ಕ್ಯಾಮೆರಾದ ದೃಶ್ಯಗಳ ಮೇಲೆ ಸ್ವಲ್ಪ ಕಾಲದಲ್ಲಿಯೇ ಹೊಸ ದೃಶ್ಯಗಳು ಮುದ್ರಿತವಾಗುವುದರಿಂದ, ಉಳಿಸಿಡಬೇಕೆಂಬ ಅರ್ಜಿ ಮೊದಲ ದಿನಗಳಲ್ಲಿಯೇ ಹೋಗಬೇಕು. ಗಲ್ಫಿನಲ್ಲಿದ್ದವನಿಗಂತೂ ಪಾಸ್‌ಪೋರ್ಟಿನ ಮೊಹರು ದೊಡ್ಡ ಸಾಕ್ಷಿ. ಆದರೆ ತಾನು ಬೇರೆಡೆ ಇದ್ದೆನೆಂದು ತೋರಿಸುವ ಹೊಣೆ ಆರೋಪಿಯದೇ, ಅಂತರ್ಜಾಲದ ಅಪರಾಧವನ್ನು ದೂರದಿಂದಲೂ ಮಾಡಬಹುದಾದ್ದರಿಂದ ಮೊಹರೊಂದನ್ನೇ ನಂಬಿ ಕೂರಬಾರದು. ತನ್ನ ಹೆಸರಿನಲ್ಲಿ ಎಷ್ಟು ನಂಬರುಗಳಿವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ತನ್ನದಲ್ಲದ್ದನ್ನು ಅಲ್ಲಿಯೇ ತಿಳಿಸಿದ ದಾಖಲೆಯೂ ಉಪಯೋಗಕ್ಕೆ ಬರುತ್ತದೆ.

ಈ ವಿದ್ಯುನ್ಮಾನ ದಾಖಲೆಗಳು ನ್ಯಾಯಾಲಯಕ್ಕೆ ಬರುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಹೇಳಿದ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ದಾಖಲೆಯ ಹ್ಯಾಶ್ ಮೌಲ್ಯವೂ, ಅಂದರೆ ಆ ದಾಖಲೆಯಿಂದಲೇ ಲೆಕ್ಕಹಾಕಿ ತೆಗೆದ, ಬೆರಳಚ್ಚಿನಂತಹ ಗುರುತೂ ಇರುತ್ತದೆ. ವಶಪಡಿಸಿಕೊಂಡಾಗಿನದಕ್ಕೂ ಪರೀಕ್ಷೆಗೊಳಪಟ್ಟದ್ದಕ್ಕೂ ಆ ಮೌಲ್ಯ ಹೊಂದದಿದ್ದರೆ ನಡುವೆ ಏನೋ ಬದಲಾಗಿದೆ ಎಂದರ್ಥ. ಪ್ರಮಾಣಪತ್ರವಿಲ್ಲದ ಪ್ರತಿಗಳು ಸಾಕ್ಷ್ಯವಾಗಲಾರವು ಎಂಬ ನಿಯಮ ಗಟ್ಟಿಯಾದದ್ದು ಕೇರಳದ್ದೇ ಒಂದು ಚುನಾವಣಾ ವ್ಯಾಜ್ಯದಿಂದ. ಏರನಾಡು ಕ್ಷೇತ್ರದ ಆ ಪ್ರಕರಣದಲ್ಲಿ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಾಗೆ ತೀರ್ಪಿತ್ತಿತು, 2020ರಲ್ಲಿ ಮತ್ತೊಮ್ಮೆ ದೃಢಪಡಿಸಿತು. ಅಂದಹಾಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧವನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಕಡತದಲ್ಲಿ ಇದನ್ನೂ ಗಮನಿಸಬೇಕು.

ಈಗ ಭಾಷೆಯ ವಿಷಯ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಅವರು ಬರೆದುಕೊಂಡರೂ ಅದಕ್ಕೆ ಹೇಳಿಕೆ ಕೊಟ್ಟವನ ಸಹಿ ತೆಗೆದುಕೊಳ್ಳಬಾರದೆಂದು ಕಾನೂನೇ ಹೇಳುತ್ತದೆ. ಪೊಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲೂ ಆಗದು. ಆದರೆ ಆ ಮಾತಿನಿಂದ ಒಂದು ವಸ್ತು ಪತ್ತೆಯಾದರೆ, ಪತ್ತೆಗೆ ಸಂಬಂಧಿಸಿದಷ್ಟು ಭಾಗ ಸಾಕ್ಷ್ಯವಾಗುತ್ತದೆ. ಬಂಧನದ ಕಾಗದ, ಮಹಜರು ಮುಂತಾದುವಕ್ಕೆ ಸಹಿ ಬೇಕಾಗುತ್ತದೆ. ಅಲ್ಲಿ ಓದಲಾಗದ ಲಿಪಿಯಿದ್ದರೆ, ಓದಿ ಅರ್ಥ ಹೇಳಿಸಿಕೊಳ್ಳದೆ ಸಹಿ ಹಾಕಬಾರದು. ಹಾಕಲೇಬೇಕಾದರೆ ತನಗೆ ಮಲಯಾಳ ಓದಲು ಬಾರದೆಂದು ಕನ್ನಡದಲ್ಲಿ ಸಹಿಯ ಪಕ್ಕದಲ್ಲಿಯೇ ಬರೆಯಬೇಕು. ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರಲ್ಲಿ ಒತ್ತಿ ಹೇಳಿದೆ. ನಮ್ಮ ಜಿಲ್ಲೆಯ ಕನ್ನಡಿಗರು ಇದನ್ನು ಔದಾರ್ಯವೆಂದು ಬೇಡದೆ ಹಕ್ಕೆಂದು ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಚಾರಣೆಯ ಸಮಯದಲ್ಲಿ, ಪೂರ್ತಿ ಹೊತ್ತು ಅಲ್ಲದಿದ್ದರೂ, ವಕೀಲರನ್ನು ಕಾಣುವ ಹಕ್ಕೂ ಇದೆ.

ಜಾಮೀನಿನ ಮಾತು. 66ಸಿ ಮಾತ್ರವಿದ್ದರೆ ಅದು ಜಾಮೀನು ದೊರೆಯುವ ಅಪರಾಧ. ಆದರೆ ಅದರೊಂದಿಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ 4ನೇ ಉಪಕಲಂ, ಅಂದರೆ ಏಳು ವರ್ಷಗಳವರೆಗೆ ಶಿಕ್ಷೆಯಿರುವ ವಂಚನೆ, ಸೇರಿದರೆ ಜಾಮೀನು ತಾನಾಗಿ ಸಿಗುವುದಿಲ್ಲ. ಆಗ ನಾಗರಿಕ ಸುರಕ್ಷಾ ಸಂಹಿತೆಯ 482ನೇ ಕಲಮಿನಂತೆ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿಗೆ, ವಿದ್ಯಾನಗರದ ಜಿಲ್ಲಾ ಸೆಷನ್ಸ್ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಪ್ರಕರಣ ದಾಖಲಾದದ್ದು ಗಡಿಯಾಚೆ ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಆದರೆ? ತಲಪಾಡಿ ದಾಟಿದ ಕೂಡಲೇ ಬಂಧನವಾದೀತೆಂಬ ಭಯವಿದ್ದವರು, ಅಲ್ಲಿನ ನ್ಯಾಯಾಲಯವನ್ನು ತಲುಪುವವರೆಗೆ ಸೀಮಿತ ಕಾಲದ ರಕ್ಷಣೆಯನ್ನು ಇಲ್ಲಿನ ನ್ಯಾಯಾಲಯದಿಂದಲೇ ಕೇಳಬಹುದೆಂದು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಕಮಿಷನ್ನಿನ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನೂ ಎಟಿಎಂ ಕಾರ್ಡನ್ನೂ ಪರರ ಕೈಗೆ ಕೊಟ್ಟ ವಿದ್ಯಾರ್ಥಿಗಳಿಗೆ ಇಷ್ಟು ಧೈರ್ಯದ ಮಾತು ಹೇಳಲಾರೆ. ಗೊತ್ತಿರಲಿಲ್ಲ ಎಂಬ ವಾದ, ಹಣ ಪಡೆದ ಮೇಲೆ ಬಹಳ ದುರ್ಬಲವಾಗುತ್ತದೆ. ಅಂಥವರು ತಡಮಾಡದೆ ವಕೀಲರ ಮೂಲಕ ನಿಜವನ್ನು ಮುಂದಿಡುವುದೇ ಮೇಲು. ಸಹಪಾಠಿಯ ಹೆಸರಿನಲ್ಲಿ ನಕಲಿ ಖಾತೆ ತೆರೆದ ಹದಿನೆಂಟು ತುಂಬದ ಮಕ್ಕಳ ವಿಷಯ ಬಾಲನ್ಯಾಯ ಮಂಡಳಿಗೆ ಹೋಗಬೇಕು, ಠಾಣೆಯ ಲಾಕಪ್ಪಿಗಲ್ಲ.

ದೋಷಾರೋಪ ಪಟ್ಟಿ ಬಂದ ಮೇಲೆ, ಅದರಲ್ಲಿರುವುದೆಲ್ಲ ನಿಜವೆಂದುಕೊಂಡರೂ ಅಪರಾಧ ಕಾಣದಿದ್ದರೆ ಆರೋಪದಿಂದ ಬಿಡುಗಡೆ ಕೋರಬಹುದು. ದೂರು ಮೇಲ್ನೋಟಕ್ಕೇ ನಿಲ್ಲದಿದ್ದರೆ ಎರ್ನಾಕುಳಂನ ಹೈಕೋರ್ಟಿನಲ್ಲಿ ರದ್ದತಿಯ ಅರ್ಜಿಯಿದೆ. ಮನೆಯೊಳಗಿನ ಜಗಳದಿಂದ ಹುಟ್ಟಿದ 66ಸಿ ಪ್ರಕರಣವನ್ನು ನ್ಯಾಯಾಲಯದ ಮುಂದೆ ರಾಜಿಯಲ್ಲಿ ಮುಗಿಸಲು ಕಾಯ್ದೆ ಅವಕಾಶ ಕೊಡುತ್ತದೆ, ಆದರೆ ನೊಂದವರು ಮಹಿಳೆಯೋ ಮಗುವೋ ಆದರೆ ಆ ದಾರಿಯಿಲ್ಲ. ವಿಚಾರಣೆ ನಡೆಯಲೇಬೇಕಾದರೆ, ಆರೋಪಿಗೆ ತಿಳಿಯದ ಭಾಷೆಯಲ್ಲಿ ಬಂದ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲಿ ಅವನ ಭಾಷೆಯಲ್ಲಿ ವಿವರಿಸಬೇಕು.

ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಸಹಾಯವಾಣಿಯ ಸಂಖ್ಯೆ 15100. ಕರೆ ಮಾಡಿದಾಗ, ಕನ್ನಡ ಬಲ್ಲ ವಕೀಲರು ಬೇಕೆಂಬುದನ್ನು ಮೊದಲ ಮಾತಿನಲ್ಲಿಯೇ ಹೇಳಿ.