ಸರಪಳಿ ಬದಲಾಯಿತು, ಚೆಂಡಿಡುವ ಕೈ ಬದಲಾಗಲಿಲ್ಲ

ಕೇಳುಗರಿಗೆ ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಒಂದೊಂದಕ್ಕೂ ಡೌನ್ ಎಂದು ಹೆಸರು. ಅಷ್ಟರೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಡೌನ್ ಸಿಗುತ್ತದೆ. ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಈ ಹತ್ತು ಗಜವನ್ನು ದಶಕಗಳಿಂದ ಅಳೆಯುತ್ತ ಬಂದದ್ದು ಎರಡು ಕೋಲು, ನಡುವೆ ಒಂದು ಸರಪಳಿ.

ಸರಪಳಿ ಕಂಡಷ್ಟು ಒರಟು ಸಾಧನವಲ್ಲ. ಮೈದಾನದಲ್ಲಿ ಐದೈದು ಗಜಕ್ಕೊಂದು ಬಿಳಿ ಗೆರೆ ಇರುತ್ತದೆ. ಸರಪಳಿ ಅಂತಹ ಒಂದು ಗೆರೆಯನ್ನು ದಾಟುವ ಜಾಗಕ್ಕೆ ಕ್ಲಿಪ್ ಸಿಕ್ಕಿಸುತ್ತಾರೆ. ಅಳತೆಗೆ ಒಳಗೆ ಕರೆದಾಗ ಕ್ಲಿಪ್ಪನ್ನು ಅದೇ ಗೆರೆಯ ಮೇಲಿಟ್ಟು, ಸರಪಳಿಯನ್ನು ಬಿಗಿಯಾಗಿ ಎಳೆದು, ಮುಂದಿನ ಕೋಲು ಚೆಂಡಿನ ಮೂತಿಗೆ ತಾಗುತ್ತದೆಯೇ ಎಂದು ನೋಡುತ್ತಾರೆ. ಹಿಂದಿನ ಕೋಲು ಅಲುಗಾಡಿದರೂ ಕ್ಲಿಪ್ ಅಳತೆಯನ್ನು ಕಾಯುತ್ತದೆ. 2017ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಮತ್ತು ಓಕ್ಲೆಂಡ್ ತಂಡಗಳ ಪಂದ್ಯದಲ್ಲಿ ರೆಫರಿ ಜೀನ್ ಸ್ಟೆರಟೋರ್ ಚೆಂಡಿಗೂ ಕೋಲಿಗೂ ನಡುವೆ ಮಡಚಿದ ಕಾಗದದ ಚೀಟಿ ತೂರಿಸಿ ನೋಡಿದ್ದು ಬಹಳ ಚರ್ಚೆಯಾಯಿತು.

2025ರ ಋತುವಿನಿಂದ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಈ ಕೆಲಸವನ್ನು ಹಾಕ್-ಐಗೆ ಒಪ್ಪಿಸಿದೆ. ಎಲ್‌ಬಿಡಬ್ಲ್ಯೂ ತೀರ್ಪುಗಳಿಂದಾಗಿ ನಮ್ಮ ಕ್ರಿಕೆಟ್ ಪ್ರಿಯರಿಗೆ ಈ ಹೆಸರು ಹೊಸದಲ್ಲ. ಪ್ರತಿ ಕ್ರೀಡಾಂಗಣದಲ್ಲಿ ಆರು 8ಕೆ ಕ್ಯಾಮೆರಾಗಳಿವೆ. ನೆಲದ ಮೇಲಿರುವ ಚೆಂಡಿಗೂ ಮುಟ್ಟಬೇಕಾದ ಗೆರೆಗೂ ಎಷ್ಟು ಅಂತರ ಎಂಬುದನ್ನು ಅವು ಸುಮಾರು 30 ಸೆಕೆಂಡಿನಲ್ಲಿ ಹೇಳುತ್ತವೆ. ಸರಪಳಿ ತಂದು ಅಳೆಯಲು ಇದಕ್ಕಿಂತ ಸುಮಾರು 40 ಸೆಕೆಂಡು ಹೆಚ್ಚೇ ಬೇಕಿತ್ತು. ಸರಪಳಿ ಹಿಡಿಯುವವರು ಈಗಲೂ ಅಂಚಿನಲ್ಲಿ ನಿಲ್ಲುತ್ತಾರೆ, ಯಂತ್ರ ಕೈಕೊಟ್ಟರೆ ಬೇಕಲ್ಲ.

ಇದು ಒಳ್ಳೆಯ ಬದಲಾವಣೆ, ಸಂದೇಹವಿಲ್ಲ. ಆದರೆ ತಪ್ಪು ಹುಟ್ಟುತ್ತಿದ್ದದ್ದು ಅಳತೆಯಲ್ಲಲ್ಲ, ಅದಕ್ಕೂ ಮೊದಲು. ಚೆಂಡನ್ನು ನೆಲದ ಮೇಲೆ ಎಲ್ಲಿಡಬೇಕೆಂದು ನಿರ್ಧರಿಸುವುದು ಈಗಲೂ ಮನುಷ್ಯನ ಕಣ್ಣು. ಎರಡೂ ಅಂಚಿನಿಂದ ಒಬ್ಬೊಬ್ಬ ತೀರ್ಪುಗಾರ ಒಳಗೆ ಓಡಿಬಂದು ಜಾಗ ತೋರಿಸುತ್ತಾರೆ. ಅವರ ಮುಂದಿರುವುದು ಒಬ್ಬರ ಮೇಲೊಬ್ಬರು ಬಿದ್ದ ಭಾರೀ ಆಟಗಾರರ ರಾಶಿ, ಚೆಂಡು ಅದರ ಅಡಿಯಲ್ಲಿ.

2025ರ ಜನವರಿ 26ರಂದು ಕಾನ್ಸಾಸ್ ಸಿಟಿಯಲ್ಲಿ ಆದದ್ದು ಇದೇ. ಕಾನ್ಸಾಸ್ ಸಿಟಿ ತಂಡದ ಎದುರು ಬಫಲೋ ತಂಡ 22-21ರಿಂದ ಮುಂದಿತ್ತು. ನಾಲ್ಕನೇ ಡೌನ್, ಬೇಕಿದ್ದದ್ದು ಒಂದು ಗಜದೊಳಗೆ. ಬಫಲೋದ ಜಾಶ್ ಆಲೆನ್ ಚೆಂಡು ಹಿಡಿದು ರಾಶಿಯೊಳಗೆ ನುಗ್ಗಿದರು. ಒಂದು ಬದಿಯ ತೀರ್ಪುಗಾರ ಗೆರೆ ಮುಟ್ಟಿತೆಂದು ಜಾಗ ತೋರಿಸಿದರೆ, ಇನ್ನೊಂದು ಬದಿಯವರು ಹಿಂದೆ ತೋರಿಸಿದರು. ಹಿಂದಿನದೇ ಖಾಯಂ ಆಯಿತು. ವಿಡಿಯೊ ಪರಿಶೀಲನೆಯೂ ಅದನ್ನು ಬದಲಿಸಲಿಲ್ಲ, ಏಕೆಂದರೆ ಬದಲಿಸಲು ಸ್ಪಷ್ಟವಾಗಿ ಕಾಣುವ ಸಾಕ್ಷಿ ಬೇಕು. ಕೊನೆಗೆ ಕಾನ್ಸಾಸ್ ಸಿಟಿ 32-29ರಿಂದ ಗೆದ್ದಿತು. ಆರು ಕ್ಯಾಮೆರಾಗಳ ಅಳತೆ ಅಂದು ಇದ್ದಿದ್ದರೂ, ಇಟ್ಟ ಜಾಗದಿಂದಲೇ ಅಳೆಯುತ್ತಿತ್ತು.

ಹಾಗಾದರೆ ಚೆಂಡಿನೊಳಗೇ ಚಿಪ್ ಇಡಬಹುದಲ್ಲ ಎಂದು ನೀವು ಕೇಳಬಹುದು. ಚಿಪ್ ಈಗಾಗಲೇ ಇದೆ, ಆಟಗಾರರ ಭುಜದ ಕವಚದಲ್ಲೂ ಇದೆ. ತೊಡಕು ಮೂರು ಕಡೆ. ಚಿಪ್ ಹೇಳುವ ಸ್ಥಾನದಲ್ಲಿ ಕೆಲವು ಇಂಚು ಹೆಚ್ಚುಕಡಿಮೆ ಇರುತ್ತದೆ, ಪಂದ್ಯ ನಿಂತಿರುವುದೋ ಆ ಇಂಚುಗಳ ಮೇಲೆಯೇ. ಚೆಂಡು ಸುಮಾರು 11 ಇಂಚು ಉದ್ದ, ಅದರ ಮೂತಿ ಯಾವ ಕಡೆಗೆ ತಿರುಗಿತ್ತು ಎಂಬುದೂ ತಿಳಿಯಬೇಕು. ಮೂರನೆಯದು ಎಲ್ಲಕ್ಕಿಂತ ಕಠಿಣ: ಒಂದು ಡೌನ್ ಮುಗಿಯುವುದು ಆಟಗಾರನ ಮೊಣಕಾಲು ನೆಲಕ್ಕೆ ತಾಗಿದ ಕ್ಷಣದಲ್ಲಿ, ಅಥವಾ ಅವನ ಮುನ್ನಡೆ ನಿಂತ ಕ್ಷಣದಲ್ಲಿ. ಭುಜದಲ್ಲಿರುವ ಚಿಪ್‌ಗೆ ಮೊಣಕಾಲಿನ ಸುದ್ದಿ ತಿಳಿಯದು.

ತೀರ್ಪನ್ನೇ ಪರದೆಗೆ ಬಿಟ್ಟುಕೊಟ್ಟ ಪ್ರಯೋಗವೂ ಆಗಿದೆ. 2019ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಮತ್ತು ಲಾಸ್ ಏಂಜಲೀಸ್ ತಂಡಗಳ ಪಂದ್ಯದಲ್ಲಿ, ಚೆಂಡು ಬರುವ ಮೊದಲೇ ಆಟಗಾರನಿಗೆ ಡಿಕ್ಕಿ ಹೊಡೆದ ಕಣ್ಣಿಗೆ ರಾಚುವಂಥ ಫೌಲ್ ತಪ್ಪಿಹೋಯಿತು. ಮುಂದಿನ ಋತುವಿನಲ್ಲಿ ಅಂಥ ಫೌಲ್‌ಗಳನ್ನೂ ವಿಡಿಯೊದಲ್ಲಿ ಪರಿಶೀಲಿಸಬಹುದೆಂದು ನಿಯಮ ತಂದರು. ಒಂದೇ ವರ್ಷಕ್ಕೆ ಕೈಬಿಟ್ಟರು. ನಿಧಾನಗತಿಯಲ್ಲಿ ನೋಡಿದರೆ ಪ್ರತಿ ಸ್ಪರ್ಶವೂ ತಪ್ಪಾಗಿ ಕಾಣುತ್ತದೆ. ಎಷ್ಟು ತಳ್ಳಿದರೆ ಫೌಲ್ ಎಂಬುದಕ್ಕೆ ಇಂಚುಪಟ್ಟಿ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಕಾಲು ಅಂಚಿನೊಳಗಿತ್ತೇ, ಗಡಿಯಾರದಲ್ಲಿ ಎಷ್ಟು ಸೆಕೆಂಡು ಉಳಿದಿದೆ, ಗೆರೆ ಎಷ್ಟು ದೂರ, ಇಂಥವು ಯಂತ್ರದ ಕೆಲಸ. ಹಿಡಿದೆಳೆದದ್ದು, ತಳ್ಳಿದ್ದು, ಮುನ್ನಡೆ ನಿಂತದ್ದು ಮೈದಾನದಲ್ಲಿರುವ ಏಳು ತೀರ್ಪುಗಾರರ ಕೆಲಸ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಚೆಂಡಿಡುವ ಜಾಗ. ಅದಕ್ಕೆ ಮೊದಲು ಬೇಕಾದದ್ದು ಮೊಣಕಾಲು ತಾಗಿದ ಚಿತ್ರವನ್ನೂ ಆ ಕ್ಷಣದ ಚಿಪ್‌ನ ಸ್ಥಾನವನ್ನೂ ಒಂದೇ ಗಡಿಯಾರಕ್ಕೆ ಹೊಂದಿಸುವುದು. ಮಾಹಿತಿ ರೆಫರಿಯ ಕಿವಿಗೆ ಬೇಗ ತಲುಪಬೇಕು. ಒಂದು ಡೌನ್ ಮುಗಿದು ಮುಂದಿನದು ಶುರುವಾಗಲು ಇರುವುದು 40 ಸೆಕೆಂಡು ಮಾತ್ರ.